ಎತ್ತಿಗೆ ಸೋಮವಾರ, ಮೊಮ್ಮಗನಿಗೆ ಯಾವ ವಾರ?

ಇವತ್ತು ನನ್ನ ಮೊಮ್ಮಗ ಶಿವಲಿಂಗ ಗಾಣಕ್ಕೆ ಎತ್ತು ಹೂಡಿದ! ಒಂದೂವರೆ ವರ್ಷದ ಮೇಲೆ ನಮ್ಮ ಮನೆಯಲ್ಲಿ ಹೊಸ ಕುಸುಬೆ ಎಣ್ಣೆಯ ವಾಸನೆ ಎದ್ದಿದೆ. ಈ ಮುದುಕನ ಎದೆಯಲ್ಲಿ ಸಂತೋಷ ಹಿಡಿಸುತ್ತಿಲ್ಲ. ಮಠದ ಅಯ್ಯನವರ ಹತ್ತಿರ ಕಲಿತ ನಾಲ್ಕಕ್ಷರದಲ್ಲೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಾವು ಆಳಂದದ ಗಾಣಿಗರು. ಮಗ ತೀರಿಕೊಂಡ ಮೇಲೆ ಗಾಣಕ್ಕೆ ಶಿವಲಿಂಗನೇ ಆಸರೆ. ಎತ್ತು ಸುತ್ತುವಾಗ ಅದರ ಹಿಂದಿನ ಹಲಗೆಯ ಮೇಲೆ ಭಾರಕ್ಕೆಂದು ಗಾಣಿಗ ಕೂರಬೇಕು, ಕೂತಲ್ಲಿಂದಲೇ ಸೊಂಟ ತಿರುಚಿ ಕಾಳನ್ನು ಗಾಣದ ಒಳಕ್ಕೆ ನೂಕಬೇಕು. 1947ರ ಕಾರಹುಣ್ಣಿಮೆ ಮುಗಿದ ವಾರ, ಹಾಗೆ ನೂಕುತ್ತಿದ್ದವನು ಚೀರಿ ಕೆಳಗೆ ಬಿದ್ದ. ಏಳಲೇ ಇಲ್ಲ. ಬೇರು ಅರೆದು ಹಚ್ಚಿದೆವು, ಬೆನ್ನಿಗೆ ಬರೆ ಹಾಕಿಸಿದೆವು. ಕೊನೆಗೆ, ಅಲುಗಾಡಬಾರದು ಅಂತ ಹೊರಸಿನ ಮೇಲೆ ಮಲಗಿಸಿ ಸೊಂಟಕ್ಕೆ ಧೋತರ ಬಿಗಿದು ಕಟ್ಟಿದೆವು. ದೀಪಾವಳಿ ಬರುವಷ್ಟರಲ್ಲಿ ಅವನ ಕಾಲು ಜೋಳದ ದಂಟಿನಂತಾಗಿದ್ದವು.

"ಯಜ್ಜಾ, ನಾ ಇನ್ನ ಏಳಂಗಿಲ್ಲೇನು?" ಅಂತ ಕೇಳುತ್ತಿದ್ದ. ಮೀಸೆ ಆಗಷ್ಟೇ ದಪ್ಪಗಾಗುತ್ತಿದ್ದ ಹುಡುಗ.

ಆಗ ಹೈದರಾಬಾದಿನಿಂದ ಹಮೀದ್ ಸಾಹೇಬರು ಅನ್ನುವ ಡಾಕ್ಟರು ನಮ್ಮ ಕಡೆ ಬಂದಿದ್ದರು. ದುಡಿಯುವವರ ಬೆನ್ನು, ಭುಜ, ಮೊಣಕಾಲು ಯಾಕೆ ಕೆಡುತ್ತವೆ, ಕೆಟ್ಟವರನ್ನು ಮತ್ತೆ ಕೆಲಸಕ್ಕೆ ನಿಲ್ಲಿಸುವುದು ಹೇಗೆ ಅಂತ ಶೋಧಿಸುತ್ತ ಆಳಂದ, ಅಫಜಲಪುರ, ಜೇವರ್ಗಿ ತಿರುಗುತ್ತಿದ್ದರು. ಅವರ ತಾಯಿ ಜೇವರ್ಗಿಯವರು, ಹಾಗಾಗಿ ನಮ್ಮ ಮಾತು ಚಲೋ ಬರುತ್ತಿತ್ತು. ಶಿವಲಿಂಗನನ್ನು ನೋಡಿದವರು ಔಷಧದ ಮಾತೇ ಎತ್ತಲಿಲ್ಲ. "ಮೊದಲ ಗಾಣ ತೋರಸ್ರಿ" ಅಂದರು.

ನಮ್ಮ ಗಾಣ ನಿಂತಿತ್ತು. ಪಕ್ಕದ ಮನೆಯ ಗುರಪ್ಪನ ಗಾಣಕ್ಕೆ ಕರೆದೊಯ್ದೆ. ಸಾಹೇಬರು ಕೋಟು ಕಳಚಿಟ್ಟು ಹಲಗೆ ಏರಿ ಕೂತೇಬಿಟ್ಟರು! ಗುರಪ್ಪ ಬಿಡುತ್ತಾನೆಯೇ?

"ಯಾಕ್ರಿ ಸಾಹೇಬ್ರ, ಹೈದರಾಬಾದದಾಗ ನೌಕರಿ ಸಿಗಲಿಲ್ಲೇನ್ರಿ?"

"ಇಂಥಾದ್ದು ಸಿಗಲಿಲ್ಲ ನೋಡ್ರಿ. ಕುಂತಲ್ಲೇ ಊರು ತಿರುಗೂ ನೌಕರಿ!"

ಎಲ್ಲರೂ ನಕ್ಕರು. ಮಧ್ಯಾಹ್ನ ಇಳಿದಾಗ ಸಾಹೇಬರೇ ಸೊಂಟ ಹಿಡಿದುಕೊಂಡು ನಿಂತರು. ಎತ್ತು ಒಂದೇ ಕಡೆ ತಿರುಗುತ್ತದೆ, ಗಾಣಿಗನ ಸೊಂಟವೂ ದಿನವಿಡೀ ಒಂದೇ ಕಡೆ ತಿರುಚುತ್ತದೆ, ಹಾಗಾಗಿಯೇ ಇಲ್ಲಿಯ ಗಾಣಿಗರಿಗೆಲ್ಲ ಒಂದೇ ಪಕ್ಕ ನೋವು ಅಂದರು. ಗುರಪ್ಪ ನಗು ನಿಲ್ಲಿಸಿ ತನ್ನ ಪಕ್ಕೆ ಮುಟ್ಟಿ ನೋಡಿಕೊಂಡ.

ಆಮೇಲೆ ನನ್ನನ್ನು ಕೇಳಿದರು: "ಸೋಮವಾರ ಎತ್ತಿಗೆ ನೊಗ ಇಡಂಗಿಲ್ಲಲ್ರಿ ನೀವು. ಆವತ್ತ ಶಿವಲಿಂಗ ಏನ್ ಮಾಡ್ತಿದ್ದ?"

"ಎಣ್ಣಿ ಡಬ್ಬಿ ಹೊತ್ಗೊಂಡು ಸರಸಂಬಾ ಊರಿಗೆ ಮಾರಾಕ ಹೋಗ್ತಿದ್ದರಿ."

"ಎತ್ತಿಗೆ ದಣಿವು ಅಂತ ಬಿಡ್ತೀರಿ, ಇವನ ಮ್ಯಾಲ ಡಬ್ಬಿ ಹೇರ್ತೀರಿ?"

"ಎತ್ತು ಬಸವಣ್ಣರಿ, ಸಾಹೇಬ್ರ."

"ಹೌದ್ರಿ. ಮೊಮ್ಮಗ ಯಾರ್ರಿ?"

ನಾನು ಅವರ ಕೋಟು ಎತ್ತಿ ಕೊಟ್ಟು ಮನೆಯ ಹಾದಿ ಹಿಡಿದೆ.

ಮನೆಗೆ ಬಂದು ಅವರು ಧೋತರದ ಕಟ್ಟು ಬಿಚ್ಚಲು ಹೋದರೆ ಸೊಸೆ ನೀಲಮ್ಮ ಅಡ್ಡ ನಿಂತಳು. "ಮುಟ್ಟಬ್ಯಾಡ್ರಿ ಯಪ್ಪಾ, ಮಗನ ಸೊಂಟ ಮುರದದ!"

"ಮುರದಿಲ್ಲವ್ವ. ಹೆದರ್ಯದ. ಮಲಗಿಸಿದಷ್ಟೂ ಹೆದರ್ತದ."

ಮೊದಲು ಮಗ್ಗುಲಾಗಲು ಕಲಿಸಿದರು. ಆಮೇಲೆ ಗೋಡೆ ಹಿಡಿದು ನಿಲ್ಲುವುದು, ಅಂಗಳಕ್ಕೆ ಹೋಗಿ ಬರುವುದು. ಶಿವಲಿಂಗ ಹಲ್ಲು ಕಚ್ಚಿ ಅಳುತ್ತಿದ್ದ, ನೀಲಮ್ಮ ಒಲೆಯ ಮುಂದೆ ಅಳುತ್ತಿದ್ದಳು. ಸಾಹೇಬರು ಅಫಜಲಪುರದಿಂದ ತಿರುಗಿ ಬರುವಾಗಲೆಲ್ಲ ನಮ್ಮ ಮನೆಗೆ ಬಂದೇ ಹೋಗುತ್ತಿದ್ದರು. ಒಮ್ಮೆ ಬಂದಾಗ, ಗಾಣದ ಹಲಗೆಯ ಮೇಲೆ ಮನುಷ್ಯನ ಬದಲು ಕಲ್ಲು ಹೇರಿ, ಇವನು ಎತ್ತಿನ ಹಿಂದೆ ನಡೆಯಲಿ ಅಂದರು. "ಹಲಗಿ ಮ್ಯಾಲ ಕಲ್ಲು ಕುಂತ್ರ ಮನಿತನಾನೂ ಕಲ್ಲಾಗ್ತದ, ಯಜ್ಜಾ" ಅಂತ ಗುರಪ್ಪ ಹೆದರಿಸಿದ. ನಮ್ಮ ಹಿರಿಯರ ಕಾಲದಿಂದ ಯಾರೂ ಹಾಗೆ ಮಾಡಿದವರಿಲ್ಲ, ನನಗೂ ಧೈರ್ಯ ಬರಲಿಲ್ಲ.

1948ರ ಬೇಸಿಗೆಯಲ್ಲಿ ಊರೂರಲ್ಲಿ ಲೂಟಿ, ಬೆಂಕಿಯ ಗದ್ದಲ ಹೆಚ್ಚಿತು, ರಸ್ತೆಯಲ್ಲಿ ಓಡಾಡುವುದೇ ಅಪಾಯವಾಯಿತು. ಕಡೆಯ ಸಲ ಬಂದಾಗ ಸಾಹೇಬರು ಚಹಾ ಸಹ ಕುಡಿಯಲಿಲ್ಲ. "ನಾ ಇನ್ನ ಬರ್ತೇನೋ ಇಲ್ಲೋ ಗೊತ್ತಿಲ್ರಿ, ಅಜ್ಜಾರ. ಇವನ ನಡಿಗಿ ಮಾತ್ರ ನಿಲ್ಲಸಬ್ಯಾಡ್ರಿ" ಅಂದು ನನ್ನ ಕೈ ಹಿಡಿದರು.

ಮಳೆಗಾಲದಲ್ಲಿ ಜೀವ ಉಳಿಸಿಕೊಳ್ಳಲು ನಾವೆಲ್ಲ ಹಿರೋಳ್ಳಿ ದಾಟಿ ಹೈದರಾಬಾದ್ ರಾಜ್ಯದ ಗಡಿಯಾಚೆ ಓಡಿದೆವು. ಕೆಸರು, ಕತ್ತಲೆ, ಕೂಸುಗಳ ಅಳು. ನಮಗೆ ಚಕ್ಕಡಿ ಸಿಕ್ಕಿರಲಿಲ್ಲ. ಶಿವಲಿಂಗ ಕೋಲು ಊರಿ ನಮ್ಮ ಸಂಗಡವೇ ನಡೆದ. ಹೊರಸಿನ ಮೇಲೇ ಇದ್ದಿದ್ದರೆ ಅವನನ್ನು ಯಾರು ಹೊರುತ್ತಿದ್ದರು?

ಎಲ್ಲ ತಣ್ಣಗಾದ ಮೇಲೆ ಊರಿಗೆ ಮರಳಿದೆವು. ಸಾಹೇಬರ ಸುದ್ದಿ ಮಾತ್ರ ಎಲ್ಲೂ ಸಿಗಲಿಲ್ಲ. ಜೇವರ್ಗಿಯ ಕಡೆ ಹೋಗುವವರಿಗೆಲ್ಲ ಹೇಳಿ ಕಳಿಸಿದೆ, ಬಂದವರೆಲ್ಲ ತಲೆ ಅಲ್ಲಾಡಿಸಿದರು. ಆ ಕಾಲದಲ್ಲಿ ಯಾರಿಗೆ ಏನಾಯಿತೋ, ಯಾರು ಎಲ್ಲಿ ಹೋದರೋ. ಅವರು ಎಲ್ಲಿದ್ದರೂ ಚೆನ್ನಾಗಿರಲಿ ಅಂತ ದಿನಾ ಲಿಂಗಪೂಜೆಗೆ ಕೂತಾಗ ಬೇಡಿಕೊಳ್ಳುತ್ತೇನೆ.

ಇವತ್ತು ಬೆಳಿಗ್ಗೆ ನಾನೇ ಹಲಗೆಯ ಮೇಲೆ ಕಲ್ಲು ಹೇರಿದೆ. ಶಿವಲಿಂಗ ಎತ್ತಿನ ಬೆನ್ನು ಸವರಿ ಹಿಂದೆ ನಡೆದ. ಗುರಪ್ಪ ಬಾಗಿಲಲ್ಲಿ ನಿಂತು ನೋಡಿದ. ಸ್ವಲ್ಪ ಹೊತ್ತಿಗೆ ತಾನೇ ಒಂದು ಕಲ್ಲು ಎತ್ತಿ ತಂದು ಹಲಗೆಯ ಮೇಲಿಟ್ಟ.

ಸಂಜೆ ಎಲ್ಲರೂ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಪುಂಡಿಪಲ್ಯ, ಮೇಲೆ ಇವತ್ತಿನ ಎಣ್ಣೆ. ಶಿವಲಿಂಗ ಚಕ್ಕಳಮಕ್ಕಳ ಹಾಕಿ ನನ್ನ ಮಗ್ಗುಲಲ್ಲೇ ಕೂತ. ನಡುವೆ ನೀರು ಬೇಕಾಯಿತು. ನೀಲಮ್ಮ ಏಳುವ ಮೊದಲೇ ಅವನು ನೆಲಕ್ಕೆ ಕೈ ಊರಿ ಎದ್ದ, ಒಳಗೆ ಹೋಗಿ ಚರಿಗೆ ತುಂಬಿ ತಂದ, ಎಲ್ಲರಿಗೂ ನೀರು ಹಾಕಿದ. ನಾವು ರೊಟ್ಟಿ ಮುರಿಯುವುದನ್ನೇ ಮರೆತು ನೋಡುತ್ತಿದ್ದೆವು.

"ಹಿಂಗ್ಯಾಕ ನೋಡಾಕತ್ತೀರಿ? ಉಣ್ರಿ, ರೊಟ್ಟಿ ಆರ್ತಾವ" ಅಂದ. ಉಂಡೆವು.