ತಿರುಚದ ಚೌಕಟ್ಟು

ಸಕ್ಕರೆ ಕಾಯಿಲೆಯಿಂದ ನನ್ನ ಬಲಗಣ್ಣು ಹೋದ ಮೇಲೆ ಮನಗೂಳಿಯ ನನ್ನ ಬಡಗಿ ಅಂಗಡಿಗೆ ಬೀಗ ಬಿತ್ತು. ಎಡಗಣ್ಣು ಉಳಿದಿತ್ತು. ಆದರೆ ಉಳಿ ಹಿಡಿದರೆ ಗೆರೆ ಎಷ್ಟು ದೂರ, ಬೆರಳು ಎಷ್ಟು ದೂರ ಅನ್ನುವುದೇ ತಿಳಿಯದು. ಮನೆಯಲ್ಲಿ ಕೂತು ಎಲ್ಲರ ಮೇಲೂ ಹರಿಹಾಯುತ್ತಿದ್ದೆ.

ಒಂದು ಮುಂಜಾನೆ ಹೆಂಡತಿ ಅಂದಳು, "ಅಂಗಡಿ ಬಾಗಿಲ ಚೌಕಟ್ಟಿಗೆ ಗೆದ್ದಲ ಹತ್ತೇತಿ. ಹೊಸಾದು ನೀವ ಮಾಡ್ರಿ. ನಾ ಹಿಡೀತೇನಿ."

ಒಣಗಿಸಿಟ್ಟಿದ್ದ ಬೇವಿನ ತೊಲೆಗಳಿದ್ದವು. ಕೊಯ್ದೆವು, ಕೂಡಿಸಿದೆವು. ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ, ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿಯಲು ಹೇಳಿದೆ. ನಡುವೆ ಅವು ಹಗುರಾಗಿ ತಾಕಿದರೆ ಚೌಕಟ್ಟು ಸಮ. ಸಂದು ಬಿಟ್ಟರೂ ಒತ್ತಿಕೊಂಡರೂ ಎಲ್ಲೋ ತಿರುಚಿದೆ ಅಂತಲೇ ಲೆಕ್ಕ.

ಅವಳು ಬಗ್ಗಿ ಬಹಳ ಹೊತ್ತು ನೋಡಿದಳು. "ಸಂದ ಐತ್ರಿ."

"ನಿನಗೇನ ತಿಳೀತೈತಿ!" ಅಂತ ರೇಗಿದೆ.

ಅವಳು ನನ್ನ ಕೈ ಹಿಡಿದು ಕಿರುಬೆರಳನ್ನು ದಾರಗಳ ನಡುವೆ ತೂರಿಸಿದಳು. ಸಲೀಸಾಗಿ ಹೋಯಿತು. ಹತ್ತಿರ ಹತ್ತಿರ ನಲವತ್ತು ವರ್ಷದ ಅನುಭವದ ಕೈ ಇದು. ನನಗೆ ಅಲ್ಲೇ ಅಳು ಬಂತು.

"ಕಟ್ಟಿಗಿ ಸೊಟ್ಟ ಆಗೇತಿ, ನೀವಲ್ಲ. ಬಿಚ್ಚೂಣು ಏಳ್ರಿ," ಅಂದಳು.

ಬಿಚ್ಚಿ ನೋಡಿದರೆ ಮೇಲಿನ ಒಂದು ಕೂಡಿಕೆಯನ್ನೇ ನಾನು ಓರೆಯಾಗಿ ಕೊಯ್ದಿದ್ದೆ. ಎಲ್ಲಿ ಉಬ್ಬಿದೆ ಎಂದು ಅವಳು ಬೆರಳಿಟ್ಟು ತೋರಿಸುವಳು, ನಾನು ಉಳಿಯಿಂದ ಹೆರೆಯುವೆ. "ಸಾಕ್ರಿ," ಅಂದರೆ ನಿಲ್ಲಿಸುವೆ. ನೆಲ ತಗ್ಗಿದ್ದ ಮೂಲೆಯ ಕೆಳಗೆ ಮರದ ಚಕ್ಕೆ ಕೊಟ್ಟು ಮತ್ತೆ ಕೂಡಿಸಿದೆವು. ಈ ಸಲ ದಾರಗಳು ತಾಕಿದವು.

ಎತ್ತುವಾಗ ಚೌಕಟ್ಟು ಮತ್ತೆ ತಿರುಚಬಾರದೆಂದು ಓರೆಯಾಗಿ ಎರಡು ಪಟ್ಟಿ, ಕಾಲುಗಳ ನಡುವೆ ಒಂದು ಪಟ್ಟಿ ಹೊಡೆದೆ. ಗೋಡೆಗೆ ಕೂರಿಸಿ ಸಿಮೆಂಟು ಗಟ್ಟಿಯಾಗುವ ತನಕ ಅವನ್ನು ಕೀಳಲಿಲ್ಲ. ಎತ್ತಲು ಕೈ ಜೋಡಿಸಿದ್ದ ಪಕ್ಕದ ಪಂಕ್ಚರ್ ಅಂಗಡಿಯ ಗೆಳೆಯ, ಕದ ಕೂರಿಸಿದ ದಿನ ಮತ್ತೆ ಬಂದ. ಒಂದು ಬೆರಳಿನಿಂದ ನೂಕಿದ. ಕದ ಎಲ್ಲೂ ತಡೆಯದೆ ಮುಚ್ಚಿಕೊಂಡಿತು.

"ಭಾಭಿ, ನಮ್ಮ ಅಡಗಿಮನಿಗೂ ಇಂಥಾದ್ದೊಂದು ಆಗಬೇಕ್ರಿ," ಅಂತ ನನ್ನ ಹೆಂಡತಿಗೆ ಅಂದ.

ನಾನು ತಡವರಿಸುತ್ತಿದ್ದೆ. ಅಷ್ಟರಲ್ಲಿ ಅವಳು, "ನಾಳೆ ಅಳತಿ ತೊಗೊಳ್ಳಾಕ ಬರ್ತೇವ್ರಿ," ಅಂದುಬಿಟ್ಟಳು.

ಮರುದಿನ ಇಬ್ಬರೂ ಹೋದೆವು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಅಂಕಿ ಓದುವ ತುದಿ ಅವಳ ಕೈಯಲ್ಲಿ.