ಔರಂಗಾಬಾದಿನಲ್ಲಿ ಮಗಳ ಪಟ್ಟು

ಬಸ್ಸು ಹೊರಡಲು ಇನ್ನೂ ಒಂದು ತಾಸು ಇರುವಾಗಲೇ ನಾನು ನಾಸಿಕದ ನಿಲ್ದಾಣದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದೆ. ಹದಿನಾರು ವರ್ಷದ ಮಗಳು ಗೌರಿ ಚೀಲದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಮರುದಿನ ಔರಂಗಾಬಾದಿನಲ್ಲಿ ಅವಳ ಹಾಪ್ಕಿಡೊ ಬೆಲ್ಟ್ ಪರೀಕ್ಷೆ. ಈಗ ಆ ಊರು ಛತ್ರಪತಿ ಸಂಭಾಜಿನಗರ. 2012ರಲ್ಲಿ ಟಿಕೆಟಿನ ಮೇಲೆ ಔರಂಗಾಬಾದ್ ಎಂದೇ ಇತ್ತು.

ನಾನು ಬೀದರ ಜಿಲ್ಲೆಯ ಭಾಲ್ಕಿಯವನು. ನಾಸಿಕದ ಬಳಿಯ ಓಝರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್. ಈ ಪರೀಕ್ಷೆಗೆ ಎರಡು ವರ್ಷ ಮೊದಲು, ಕರಾಟೆ ಕಲಿಯುತ್ತಿದ್ದಾಗ, ಗೌರಿ ತನ್ನ ಜಡೆ ಎಳೆದ ಸಹಪಾಠಿಯ ಹಲ್ಲು ಮುರಿದಿದ್ದಳು. ಆ ಮನೆಯವರ ಮುಂದೆ ತಲೆ ತಗ್ಗಿಸಿ ನಿಂತು ಬಂದ ದಿನವೇ ನಾನು ಕರಾಟೆ ಬಿಡಿಸಿದೆ. ಒಂದು ವರ್ಷ ಸುಮ್ಮನಿದ್ದವಳು, ಆಮೇಲೆ ತಾಯಿಯನ್ನು ಒಪ್ಪಿಸಿ, ಶಿಂದೆ ಮೇಡಂ ಬಳಿ ಈ ಕೊರಿಯಾದ ವಿದ್ಯೆಗೆ ಸೇರಿದ್ದಳು. ನನಗೆ ಎರಡೂ ಒಂದೇ ಎನಿಸಿತ್ತು.

ದಾರಿ ಸುಮಾರು ನೂರಾ ಎಂಬತ್ತು ಕಿಲೋಮೀಟರ್, ಐದು ತಾಸು. ನಿಫಾಡ ದಾಟಿದ ಮೇಲೆ ಲಾಸಲಗಾಂವ್ ಮಾರುಕಟ್ಟೆಗೆ ತಿರುಗುವ ಈರುಳ್ಳಿ ಟ್ರ್ಯಾಕ್ಟರುಗಳ ನಡುವೆ ಬಸ್ಸು ಅರ್ಧ ತಾಸು ಸಿಕ್ಕಿಬಿತ್ತು. ಬಿಸಿಲು, ಧೂಳು. ನಾನು ಎರಡು ಸಲ ಇಳಿದು ಹತ್ತಿದೆ. ಕಡೆಗೆ ಮುಂದಿನ ಸೀಟಿನಲ್ಲಿದ್ದ ಶಿಂದೆ ಮೇಡಂ ಅವರನ್ನು ಕೇಳಿಯೇಬಿಟ್ಟೆ: "ಇದರಲ್ಲೂ ಹೊಡೆಯುವುದೇ ಅಲ್ಲವೇ?"

ಅವರು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಒದೆಯುವುದಿದೆ, ಎತ್ತಿ ಹಾಕುವುದೂ ಇದೆ. ಆದರೆ ಹಾಪ್ಕಿಡೊದ ಜೀವ ಇರುವುದು ಮಣಿಕಟ್ಟಿನಲ್ಲಿ. ಎದುರಿನವರು ಎಳೆದರೆ ಎಳೆದ ಕಡೆಗೇ ಹೋಗಬೇಕು. ಅವರ ಬಲವನ್ನೇ ಸುತ್ತು ಹಾಕಿಸಿ ಅವರ ಕೀಲನ್ನು ಹಿಡಿಯಬೇಕು. "ಗುದ್ದು ಒಮ್ಮೆ ಕೈಬಿಟ್ಟರೆ ಹೋಯಿತು. ಪಟ್ಟು ಹಾಗಲ್ಲ, ಎಷ್ಟು ನೋಯಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಕೊನೆಯವರೆಗೂ ಹಿಡಿದವಳ ಕೈಯಲ್ಲೇ ಇರುತ್ತದೆ." ಅದು ಅವಳ ಕೈಯಲ್ಲಿರುವುದೇ ನನ್ನ ಚಿಂತೆಯಾಗಿತ್ತು.

ವೈಜಾಪುರದಲ್ಲಿ ಚಹಾ ಕುಡಿದು, ಮನೆಯಿಂದ ತಂದ ಕಟಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಔರಂಗಾಬಾದ್ ತಲುಪಿದಾಗ ಸಂಜೆ. ಸ್ಟೇಷನ್ ರಸ್ತೆಯ ಲಾಡ್ಜಿನಲ್ಲಿ ಗೌರಿ ನೆಮ್ಮದಿಯಾಗಿ ಮಲಗಿದಳು.

ಭಾನುವಾರ ಎಂಟಕ್ಕೆ ಸಭಾಂಗಣದಲ್ಲಿ ಚಾಪೆ ಹಾಸಿದ್ದರು. ಪಟ್ಟಿಗೆ ಸಿಕ್ಕವರು ನೋವು ಸಾಕೆನಿಸಿದಾಗ ಎರಡು ಸಲ ಚಾಪೆ ತಟ್ಟಬೇಕು. ತಟ್ಟಿದ ಕೂಡಲೇ ಬಿಡಬೇಕು. ತಟ್ಟುವವರೆಗೂ ಬಿಡಕೂಡದು. ಪರೀಕ್ಷಕರು ಬೆಳ್ಳಗಿನ ಮೀಸೆಯ ನಿವೃತ್ತ ಸೈನಿಕರು.

ಜಾಲನಾ ಊರಿನ ಗಟ್ಟಿಮುಟ್ಟಾದ ಹುಡುಗಿಯೊಬ್ಬಳು ಗೌರಿಯ ಮಣಿಕಟ್ಟು ಹಿಡಿದು ಜಗ್ಗಿದಳು. ಗೌರಿ ಬೆರಳುಗಳನ್ನು ಅಗಲಿಸಿ, ಜಗ್ಗಿದ ಕಡೆಗೇ ಅರ್ಧ ಹೆಜ್ಜೆ ಇಟ್ಟು, ತಿರುಗಿದಳು. ಪಟ್ಟಿಗೆ ಸಿಕ್ಕ ಆ ಹುಡುಗಿ ಮಂಡಿಯೂರಿಬಿಟ್ಟಳು. ಸೋಲೊಪ್ಪದೆ ಇನ್ನೊಂದು ಕೈಯಿಂದ ಗೌರಿಯ ಕಪಾಳಕ್ಕೆ ಬಾರಿಸಿದಳು. ಮಗಳ ಮುಖ ಬಿಗಿಯಾಯಿತು. ನಾನು ಎದ್ದು ನಿಂತು ಒದರಿದೆ: "ಬಿಡವ್ವಾ! ಮುರೀಬ್ಯಾಡ!"

ಆ ಸಭಾಂಗಣದಲ್ಲಿ ನನ್ನನ್ನು ಬಿಟ್ಟರೆ ಕನ್ನಡ ತಿಳಿಯುತ್ತಿದ್ದವಳು ಗೌರಿಯೊಬ್ಬಳೇ. ಎದುರಾಳಿ ತಟ್ಟುವ ಮೊದಲೇ ಪಟ್ಟು ಬಿಟ್ಟುಬಿಟ್ಟಳು. ಮರುಕ್ಷಣ ಆ ಹುಡುಗಿ ತಳ್ಳಿದಳು. ಗೌರಿ ಬೆನ್ನ ಮೇಲೆ ಬಿದ್ದಳು. ಪರೀಕ್ಷಕರು ಹಾಳೆಯ ಮೇಲೆ ಗೀಟು ಎಳೆದರು. ಫೇಲು.

ಗೋಡೆಗೆ ಒರಗಿ ನೀರು ಕುಡಿಯುತ್ತಿದ್ದವಳ ಹತ್ತಿರ ಹೋದೆ. ಅವಳ ಕನ್ನಡದಲ್ಲಿ ಯಾವಾಗಲೂ ಅರ್ಧ ಮರಾಠಿ. "ಪಪ್ಪಾ, ನಾ ಆಕಿ ಕೈ ಮುರೀತೀನಂತ ವಾಟ್ಲ ನಿಮಗ?"

ಹೌದು, ನನಗೆ ಹಾಗೇ ಅನಿಸಿತ್ತು. ನೇರ ಪರೀಕ್ಷಕರ ಬಳಿ ಹೋಗಿ, ತಪ್ಪು ಅವಳದಲ್ಲ, ನನ್ನದು, ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅವಳ ಪಟ್ಟು ನೀವೇ ನೋಡಿ, ಬೂಟು ಬಿಚ್ಚಿ ಚಾಪೆಯ ಮೇಲೆ ಬನ್ನಿ ಎಂದರು.

ಹರಿದ ಕಾಲುಚೀಲದಲ್ಲಿ ನಾನು ಮಗಳೆದುರು ನಿಂತೆ.

"ಹಿಡೀರಿ ಪಪ್ಪಾ. ಜೋರಾತ್."

ಇಪ್ಪತ್ತು ವರ್ಷ ಪಾನಾ ಹಿಡಿದು ನಟ್ಟು ತಿರುವಿದ ಕೈಯಿಂದ ಗಟ್ಟಿಯಾಗಿ ಹಿಡಿದೆ. ಏನಾಯಿತೋ ತಿಳಿಯಲಿಲ್ಲ, ನನ್ನ ಬಲವೇ ನನ್ನನ್ನು ಮುಂದಕ್ಕೆ ಒಯ್ದಿತು. ಮೊಣಕೈ ಮಡಚಿ, ಮಣಿಕಟ್ಟು ತಿರುಗಿ, ಹಣೆ ಚಾಪೆಗೆ ತಾಗುವಂತಾಯಿತು. ಮಿಸುಕಿದರೆ ನೋಯುತ್ತಿತ್ತು. ಸುಮ್ಮನಿದ್ದರೆ ನೋವು ಇದ್ದಲ್ಲೇ ಇತ್ತು. ನಟ್ಟು ಬಿಗಿಯುವಾಗ, ಇನ್ನು ಕಾಲು ಸುತ್ತು ಹೋದರೆ ಬೋಲ್ಟಿನ ಎಳೆ ಕಿತ್ತುಹೋಗುತ್ತದೆ ಎನ್ನುವ ಜಾಗ ನುರಿತ ಕೈಗೆ ಗೊತ್ತಾಗುತ್ತದೆ. ನನ್ನ ಮಗಳ ಕೈ ಸರಿಯಾಗಿ ಅಲ್ಲಿ ನಿಂತಿತ್ತು. ನಾನು ಬೇಕೆಂದೇ ತಟ್ಟದೆ ತಡೆದೆ. ಅದು ಅಲ್ಲಿಂದ ಕದಲಲಿಲ್ಲ. ತಟ್ಟಿದೆ. ಎರಡನೆಯ ಸಪ್ಪಳ ಮುಗಿಯುವ ಮೊದಲೇ ಕೈ ನನ್ನದಾಗಿತ್ತು.

ಪಟ್ಟು ಸರಿಯಿದೆ, ಆದರೆ ಎಳೆದ ಗೀಟು ಅಳಿಸುವುದಿಲ್ಲ, ಮಾರ್ಚಿನಲ್ಲಿ ಮತ್ತೆ ಪರೀಕ್ಷೆಗೆ ಬನ್ನಿ ಎಂದರು ಪರೀಕ್ಷಕರು. ಗೌರಿ ಬಾಗಿ ವಂದಿಸಿದಳು.

ಮಧ್ಯಾಹ್ನದ ಬಸ್ಸಿನಲ್ಲಿ ಹೊರಟೆವು. ಊರು ಹಿಂದೆ ಸರಿಯುವವರೆಗೂ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಕಡೆಗೆ ಕೇಳಿದಳು: "ತಟ್ಟಾಕ ಅಷ್ಟು ಹೊತ್ತು ಯಾಕ ಮಾಡಿದ್ರಿ?"

"ನೀ ಎಲ್ಲಿ ನಿಲ್ತಿ ಅಂತ ನೋಡಬೇಕಿತ್ತವ್ವಾ."

ಅವಳು ಕಿಟಕಿಯಿಂದ ನನ್ನ ಕಡೆ ತಿರುಗಿದಳು. "ಮಾರ್ಚದಾಗ ಬರ್ತೀರಾ?" ಎಂದಳು.

"ಬರ್ತೀನಿ. ಬಾಗಿಲ ಹೊರಗ ಕೂಡ್ತೀನಿ."

"ಹೊರಗ ಬ್ಯಾಡ," ಎಂದಳು ಗೌರಿ. "ಒಳಗ, ಮುಂದ ಕೂಡ್ರಿ."