ಐದು ಕಾಲಿನ ಆನೆ ಮತ್ತು ಇಂಟುಮಾರ್ಕ್ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೇಕರಿಯ ಶಟರ್ ಅರ್ಧಕ್ಕೆ ಮಾತ್ರ ಎದ್ದಿದೆ. ಅದರಡಿ ತಲೆ ಬಗ್ಗಿಸಿ ಒಳಗೆ ಬರುವ ಹೆಂಗಸಿನ ಕೈಯಲ್ಲಿ ಹೆಲ್ಮೆಟ್, ಹೆಗಲಲ್ಲಿ ಬಟ್ಟೆಚೀಲ. ಒಳಗಿನಿಂದ ಕಾಯುವ ಒಲೆಯ ಬಿಸಿ, ಬೆಣ್ಣೆಯ ಘಮ, ಜೊತೆಗೆ ಒಂದು ಗೋಳು.

"ಅಕ್ಕಾ, ಬಂದ್ರಾ! ಮತ್ತೆ ಕೆಂಪು ಇಂಟು ಮಾರ್ಕು!"

"ಬಂದೆ ತಾಯಿ, ಬಂದೆ. ಮೊದಲು ಕೈಗೆ ಮೆತ್ತಿರೋ ಮೈದಾ ಒರೆಸ್ಕೊ. ಕೀಬೋರ್ಡಲ್ಲೇ ಕೇಕ್ ಮಾಡ್ಬೇಡ."

ಬೇಕರಿಯ ಒಡತಿ ಅಳುವ ಹೊತ್ತಿನಲ್ಲೂ ನಗುತ್ತಾಳೆ. ಈ ಬೀದಿಯ ಅಂಗಡಿ, ಕಚೇರಿ, ದಂತವೈದ್ಯರ ಕೋಣೆಗಳಲ್ಲೆಲ್ಲ ಹೆಲ್ಮೆಟ್ ಹಿಡಿದು ಬಂದ ಈ ಹೆಂಗಸನ್ನು ಕರೆಯುವುದೇ ಇಂಟುಮಾರ್ಕ್ ಅಕ್ಕ ಎಂದು. ಅಂಗಡಿಯ ಕಂಪ್ಯೂಟರ್‌ಗಳೆಲ್ಲ ಸೇರಿ ಬಳಸುವ ನೆಟ್‌ವರ್ಕ್ ಡ್ರೈವ್ ಬೆಳಿಗ್ಗೆ ನೋಡಿದರೆ ಸಂಪರ್ಕ ಕಡಿದುಕೊಂಡು, ಮೈಮೇಲೆ ಕೆಂಪು ಇಂಟು ಗುರುತು ಹೊತ್ತು ಕೂತಿರುತ್ತದೆ. ಆಗ ಎಲ್ಲರ ಕೈಯೂ ಫೋನಿಗೆ ಹೋಗುತ್ತದೆ.

ಇವತ್ತಿನ ಗಾಬರಿಗೆ ಕಾರಣ ಒಂದು ಆನೆ. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಇಂದು ಬೆಳಿಗ್ಗೆ ಮನೆಗೆ ಹೊರಟಿದ್ದಾಳೆ. ಮಂಚದಲ್ಲೇ ಕೂತು ಅವಳು ಬರೆದ ಆನೆಯ ಚಿತ್ರ ಕೇಕಿನ ಮೇಲೆ ಇರಬೇಕೆಂದು ಅಪ್ಪ ಹೇಳಿ ಹೋಗಿದ್ದಾರೆ. ಕೌಂಟರಿನಲ್ಲಿ ಸ್ಕ್ಯಾನ್ ಮಾಡಿದ ಆ ಚಿತ್ರ ಇರುವುದು ಅದೇ ಡ್ರೈವಿನಲ್ಲಿ. ಕಾಗದ ಅಪ್ಪನ ಜೇಬಿನಲ್ಲಿದೆ, ಅಪ್ಪನ ಫೋನ್ ಸ್ವಿಚ್ ಆಫ್. ಬೇಕರಿ ತೆರೆಯುವ ಹೊತ್ತಿಗೆ ಮಗಳನ್ನೂ ಕರೆದುಕೊಂಡು ಬಂದುಬಿಡುತ್ತಾರೆ.

"ನಾನೇ ಕ್ರೀಮಲ್ಲಿ ಒಂದು ಆನೆ ಬರೆದುಬಿಡ್ಲಾ ಅಕ್ಕಾ?"

"ನಿನ್ನ ಆನೆ ಬೇರೆ, ಆ ಮಗು ಆನೆ ಬೇರೆ. ಮೊದಲು ಆ ಕೆಂಪು ಗುರುತಿನ ಡ್ರೈವ್ ಮೇಲೆ ಎರಡು ಸಲ ಕ್ಲಿಕ್ ಮಾಡು ನೋಡೋಣ."

ಇದೇ ಅಕ್ಕನ ಪದ್ಧತಿ. ತಾವಾಗಿ ಮೌಸ್ ಮುಟ್ಟುವುದಿಲ್ಲ, ಕರೆದವರ ಕೈಯಲ್ಲೇ ಮೊದಲು ಕ್ಲಿಕ್ ಮಾಡಿಸುತ್ತಾರೆ. ನೆಟ್‌ವರ್ಕ್ ಕಣ್ಣು ಬಿಡುವ ಮೊದಲೇ ಕಂಪ್ಯೂಟರ್ ಎದ್ದು ಕೂತಿದ್ದರೆ ಕೆಂಪು ಗುರುತು ಕಾಣುತ್ತದೆ, ಮುಟ್ಟಿದ ಕೂಡಲೇ ಡ್ರೈವ್ ತೆರೆದುಕೊಳ್ಳುತ್ತದೆ. "ಬಾಗಿಲು ಮುಚ್ಚಿದ ಹಾಗೆ ಕಂಡ್ರೆ ತಳ್ಳಿ ನೋಡ್ಬೇಕಲ್ವಾ? ಅರ್ಧಕ್ಕರ್ಧ ಕೆಲಸ ಅಲ್ಲೇ ಮುಗಿಯುತ್ತೆ. ಅದಕ್ಕೆ ನಾನು ಬರೋದೇ ಬೇಡ," ಎನ್ನುತ್ತಾರೆ ಅಕ್ಕ. ಆದರೂ ದಿನಕ್ಕೆ ಐದಾರು ಕಡೆಯಿಂದ ಕರೆ ಬರುತ್ತದೆ.

ಮೊದಲು ಅವರು ದೊಡ್ಡ ಕಚೇರಿಯೊಂದರ ಟೆಲಿಫೋನ್ ಸ್ವಿಚ್‌ಬೋರ್ಡಿನಲ್ಲಿದ್ದವರು. ಈ ಕೊಠಡಿಯ ಕರೆ ಆ ಕೊಠಡಿಗೆ, ಆ ಕೊಠಡಿಯದು ಈ ಕೊಠಡಿಗೆ ಎಂದು ದಿನವಿಡೀ ದನಿಗಳನ್ನು ಜೋಡಿಸುವ ಕೆಲಸ. ಇನ್ನು ಬೇಡವೆಂದು ಕಚೇರಿಯವರು ಆ ಬೋರ್ಡನ್ನು ಕಿತ್ತೆಸೆದ ದಿನ ಮನೆಗೆ ಬಂದು ಅಡುಗೆಮನೆಯಲ್ಲಿ ಸುಮ್ಮನೆ ಕೂತರು. "ನಮ್ಮತ್ತೆ ಎದುರಿಗೆ ಬಂದು, 'ಬಾಯಿಗೆ ಬೀಗ ಬಿದ್ದ ಸೊಸೆ ನನಗೆ ಬೇಡ, ಹೋಗಿ ಏನಾದ್ರೂ ಕಲಿ' ಅಂದ್ರು. ಇಬ್ಬರು ಮಕ್ಕಳನ್ನೂ ಅವರೇ ನೋಡ್ಕೊಂಡ್ರು." ಸಂಜೆಯ ತರಗತಿಯಲ್ಲಿ ಹುಡುಗರ ನಡುವೆ ಕೂತು ಕಲಿತರು. ಮೊದಮೊದಲು ಅಂಗಡಿಗಳಿಗೆ ಹೋದರೆ ಜನ ಅವರ ಬೆನ್ನ ಹಿಂದೆ ಇಣುಕಿ, "ರಿಪೇರಿಯವರು ಎಲ್ಲಮ್ಮಾ?" ಎಂದು ಕೇಳುತ್ತಿದ್ದರಂತೆ. "ಗಾಡಿ ನಿಲ್ಲಿಸ್ತಿದ್ದಾರೆ ಅಂತ ಹೇಳಿ ಒಳಗೆ ಹೋಗಿ ಕೆಲಸ ಶುರು ಮಾಡ್ತಿದ್ದೆ. ಅವರು ಬಾಗಿಲು ನೋಡ್ತಾ ಇರೋವಷ್ಟರಲ್ಲಿ ಮುಗಿದೇ ಹೋಗ್ತಿತ್ತು!"

ಒಡತಿ ಕ್ಲಿಕ್ ಮಾಡುತ್ತಾಳೆ. ಇವತ್ತು ಬಾಗಿಲು ತೆರೆಯುವುದಿಲ್ಲ. ಪಾಸ್‌ವರ್ಡ್ ತಪ್ಪು ಎನ್ನುತ್ತದೆ ತೆರೆ.

"ನಿನ್ನೆಯಿಂದ ಏನಾದ್ರೂ ಬದಲಾಯಿಸಿದ್ರಾ?"

"ಏನೂ ಮುಟ್ಟಿಲ್ಲ ಅಕ್ಕಾ."

ಅಕ್ಕ ನಕ್ಕುಬಿಡುತ್ತಾರೆ. ಅವರು ಕೇಳದ ದಿನವಿಲ್ಲ ಈ ಮಾತನ್ನು. "ನೀನು ಮುಟ್ಟಿಲ್ಲ. ಯಜಮಾನ್ರು?"

ಯಜಮಾನರು ಹೊಸ ಒಲೆ ನೋಡಲು ರಾತ್ರಿಯ ಬಸ್ಸಿಗೆ ಊರು ಬಿಟ್ಟಿದ್ದಾರೆ. ಅಕ್ಕ ಫೋನ್ ಹಚ್ಚಿ ಸ್ಪೀಕರಿಗೆ ಹಾಕುತ್ತಾರೆ. ಹೌದು, ಹೊರಡುವ ಮೊದಲು ಅವರೇ ಡ್ರೈವಿನ ಪಾಸ್‌ವರ್ಡ್ ಬದಲಾಯಿಸಿದ್ದಾರೆ. ಹೇಳುವುದನ್ನು ಮರೆತಿದ್ದಾರೆ. ಬಡಪಾಯಿ ಕಂಪ್ಯೂಟರ್ ನೆನಪಿಟ್ಟುಕೊಂಡ ಹಳೆಯದನ್ನೇ ಒಪ್ಪಿಸುತ್ತ ಕೂತಿದೆ.

"ಹೊಸದು ಹೇಳಿ ಸರ್."

"ಅದು... ಆಮೇಲೆ ಹೇಳ್ತೀನಿ. ಬಸ್ಸಲ್ಲಿ ಪಕ್ಕದಲ್ಲಿ ಜನ ಇದ್ದಾರೆ."

"ಒಲೆ ಕಾದಿದೆ ಸರ್. ಮಗು ಬರುತ್ತೆ."

ಫೋನಿನಲ್ಲಿ ಬಸ್ಸಿನ ಸದ್ದಿನ ನಡುವೆ ಪಿಸುದನಿ: "ಮುದ್ದುಗೊಂಬೆ. ಇಂಗ್ಲಿಷ್ ಅಕ್ಷರದಲ್ಲಿ. ಆಮೇಲೆ ನಮ್ಮ ಮದುವೆ ವರ್ಷ."

ಒಡತಿಯ ಮುಖ ಒಲೆಗಿಂತ ಕೆಂಪಾಗುತ್ತದೆ. "ಮದುವೆಗೆ ಮುಂಚೆ ಹಾಗೇ ಕರೀತಿದ್ರು. ಈಗ 'ಏಯ್, ಇಲ್ಬಾ' ಅಂತಾರೆ!"

"ಕೇಳಿಸ್ತು ಕಣೇ," ಎನ್ನುತ್ತದೆ ಫೋನು.

ಅಕ್ಕ ಹಳೆಯ ಪಾಸ್‌ವರ್ಡನ್ನು ಕಂಪ್ಯೂಟರಿನ ನೆನಪಿನಿಂದ ಅಳಿಸಿ, ಹೊಸದನ್ನು ಒಡತಿಯ ಕೈಯಲ್ಲೇ ಟೈಪ್ ಮಾಡಿಸುತ್ತಾರೆ. ಕೆಂಪು ಗುರುತು ಮಾಯವಾಗುತ್ತದೆ. ಆನೆ ತೆರೆಯ ತುಂಬ ಬಂದು ನಿಲ್ಲುತ್ತದೆ. ನೀಲಿ ಬಣ್ಣ, ಹುಬ್ಬೇ ಇಲ್ಲದ ಕಣ್ಣು, ಐದು ಕಾಲು.

"ಅಯ್ಯೋ, ಒಂದು ಜಾಸ್ತಿ ಬರೆದಿದೆ ಮಗು. ಅಳಿಸಿಬಿಡ್ಲಾ?"

"ಮುಟ್ಬೇಡ," ಎನ್ನುತ್ತಾರೆ ಅಕ್ಕ. "ಆ ಕಡೆಯವರು ಕಳಿಸಿದ್ದನ್ನ ಹಾಗೇ ಈ ಕಡೆ ತಲುಪಿಸ್ಬೇಕು. ಸ್ವಿಚ್‌ಬೋರ್ಡಲ್ಲೂ ಅಷ್ಟೇ. ಮಧ್ಯ ನಾವು ಬಾಯಿ ಹಾಕೋ ಹಾಗಿಲ್ಲ."

ತಿನ್ನಬಹುದಾದ ಹಾಳೆಯ ಮೇಲೆ ಆನೆ ಅಚ್ಚಾಗುತ್ತದೆ, ಕೇಕಿನ ಮೇಲೆ ಕೂರುತ್ತದೆ. ಅಕ್ಕ ಹೊರಡಲು ಹೆಲ್ಮೆಟ್ ಎತ್ತಿಕೊಳ್ಳುವ ಹೊತ್ತಿಗೆ ಅಪ್ಪ ಬರುತ್ತಾರೆ. ಹೆಗಲ ಮೇಲೆ ಹುಡುಗಿ. ಅವಳ ಒಂದು ಕಾಲಿಗೆ ಇನ್ನೂ ಪಟ್ಟಿ ಇದೆ. ಅವಳು ಬಗ್ಗಿ, ಬೆರಳಿಟ್ಟು, ಒಂದೊಂದೇ ಕಾಲು ಎಣಿಸುತ್ತಾಳೆ.

"ಎಲ್ಲಾ ಇದೆ!"

"ಐದು ಯಾಕೆ ಪುಟ್ಟಿ?" ಅಕ್ಕನಿಗೆ ಕೇಳದೆ ಇರಲಾಗುವುದಿಲ್ಲ.

"ಒಂದು ಮುರಿದ್ರೆ ಇನ್ನೊಂದು ಇರ್ಲಿ ಅಂತ," ಎನ್ನುತ್ತಾಳೆ ಹುಡುಗಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಬೇಕರಿಯೇ ನಗುತ್ತದೆ. ಅಕ್ಕನ ಚೀಲದಲ್ಲಿ ಫೋನ್ ಬಡಿದುಕೊಳ್ಳುತ್ತದೆ. ದಂತವೈದ್ಯರದ್ದು, ಅಲ್ಲೂ ಕೆಂಪು ಗುರುತು. "ಎರಡು ಸಲ ಕ್ಲಿಕ್ ಮಾಡಿ ನೋಡಿ ಡಾಕ್ಟ್ರೇ, ಅಷ್ಟರಲ್ಲಿ ಬಂದೆ," ಎನ್ನುತ್ತ ಅವರು ಸ್ಕೂಟರ್ ಹತ್ತುತ್ತಾರೆ.

"ಮನೆಗೆ ಹೋದ ಕೂಡಲೇ ನಮ್ಮತ್ತೆ ಕೇಳ್ತಾರೆ, ಇವತ್ತು ಏನು ಮಾಡ್ದೆ ಅಂತ. ದಿನಾ ಏನು ಹೇಳೋದು ಅಂತ ತಡಕಾಡ್ತೀನಿ. ಇವತ್ತು ಹೇಳೋಕಿದೆ," ಎನ್ನುತ್ತಾರೆ ಹೆಲ್ಮೆಟ್ಟಿನ ಒಳಗಿಂದ. "ಐದನೇ ಕಾಲು ಕಳೆದುಹೋಗದ ಹಾಗೆ ನೋಡ್ಕೊಂಡೆ ಅತ್ತೆ."